ಜೂನ್ 5ಕ್ಕೆ ಆಫೀಸಲ್ಲಿ ಏನಾದ್ರೂ ಮಾಡಿ ಅಂದಿದಾರೆ, ಸಸಿ ಹಂಚೋದು ಬಿಟ್ಟು ಬೇರೆ ಐಡಿಯಾ ಇದ್ರೆ ಹೇಳಿ

ಅಡ್ಮಿನ್ ಅಮ್ಮಣ್ಣಿ:
ಎಲ್ರಿಗೂ ನಮಸ್ಕಾರ. ಬೆಂಗ್ಳೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನೀಲಿ ಅಡ್ಮಿನ್ ಕೆಲಸ ನಂದು. ಎರಡು ಫ್ಲೋರು, ಇನ್ನೂರೈವತ್ತು ಜನದ ಹತ್ರ ಹತ್ರ, ಅದ್ರಲ್ಲಿ ಅರ್ಧಕ್ಕರ್ಧ ಮಂಗಳವಾರದಿಂದ ಗುರುವಾರ ಮಾತ್ರ ಮುಖ ತೋರ್ಸೋದು. ಪರಿಸರ ದಿನ ಬರ್ತಿದೆ, ಎಚ್‌ಆರ್ ಹೆಡ್ ಕರೆದು "ಈ ಸಲ ಎಲ್ರೂ ಸೇರ್ಕೊಳೋ ಥರ ಏನಾದ್ರೂ ಮಾಡಿ, ಬಜೆಟ್ ಮಾತ್ರ ಕೇಳ್ಬೇಡಿ" ಅಂದ್ರು. ಹೋದ್ ವರ್ಷ ಎಲ್ರಿಗೂ ಒಂದೊಂದು ಪುಟ್ಟ ಕುಂಡದಲ್ಲಿ ಗಿಡ ಕೊಟ್ವಿ, ಫೋಟೋ ಚೆನ್ನಾಗ್ ಬಂತು, ಆಮೇಲೆ ಏಸಿ ಗಾಳಿಗೆ ಒಣಗಿದ ಕುಂಡ ಎಲ್ಲಾ ಹೌಸ್‌ಕೀಪಿಂಗ್‌ನೋರೇ ಎತ್ತಿ ಹಾಕಿದ್ದು. ಅದಕ್ಕೂ ಮುಂಚೆ ಹಸಿರು ಟೀ ಶರ್ಟು, ಪ್ರತಿಜ್ಞೆ, ಕ್ವಿಜ್ಜು. ಕ್ವಿಜ್ಜಿಗೆ ಬಂದಿದ್ದು ಬೆರಳೆಣಿಕೆ ಜನ, ಅದೂ ಪಿಜ್ಜಾ ಇದೆ ಅಂತ ಗೊತ್ತಾದ್ಮೇಲೆ. ನಿಮ್ ನಿಮ್ ಕೆಲಸದ ಜಾಗದಲ್ಲಿ ನಿಜವಾಗ್ಲೂ ನಡೆದಿದ್ದು, ಜನ ತಾವಾಗೇ ಸೇರ್ಕೊಂಡಿದ್ದು ಏನಾದ್ರೂ ಇದ್ರೆ ಹೇಳ್ರಪ್ಪಾ.

ಹುಬ್ಬಳ್ಳಿ ಮಂದಿ:
ನಮ್ದು ಸರ್ಕಾರಿ ಆಫೀಸ್ ರೀ. ಪ್ರತಿ ವರ್ಷ ಸಾಹೇಬ್ರು ಬರ್ತಾರ, ಗಿಡ ಹಚ್ತಾರ, ಚಾ ಕುಡಿದು ಹೋಗ್ತಾರ. ಸಾಹೇಬ್ರು ಬದಲಾಗ್ತಾರ, ತಗ್ಗು ಮಾತ್ರ ಅದೇ ಹಳೇದು. ತಗ್ಗು ತೋಡೋ ಖರ್ಚು ಉಳೀತು ನೋಡ್ರಿ, ಅದೂ ಒಂದ್ ಉಳಿತಾಯನ.

ಕೋರಮಂಗಲ ಕೋಡರ್:
ಹಹಹ ಮೇಲಿನೋರಿಗೆ ನೂರು ಲೈಕು

ಆಡಿಟ್ ಅಣ್ಣ:
ಅಮ್ಮಣ್ಣಿ ಅವ್ರೇ, ಮೊದ್ಲು ನಿಮ್ ಕಂಪನಿಗೆ ಇದು ಯಾಕ್ ಬೇಕಾಗಿದೆ ಅಂತ ತಿಳ್ಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. ನಾನು ಐಎಸ್‌ಒ 14001 ಅಂತ, ಕಂಪನಿಗಳು ಪರಿಸರ ಹೇಗ್ ನೋಡ್ಕೋಬೇಕು ಅನ್ನೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡು, ಅದ್ರ ಆಡಿಟ್‌ಗೆ ಊರೂರು ತಿರುಗೋನು. ಆ ಸ್ಟ್ಯಾಂಡರ್ಡ್‌ನಲ್ಲಿ ಅರಿವು ಅನ್ನೋದಕ್ಕೇ ಒಂದು ಕಲಂ ಇದೆ, 7.3. ಕೆಲಸಗಾರನಿಗೆ ಕಂಪನಿಯ ಪರಿಸರ ನೀತಿ ಗೊತ್ತಿರ್ಬೇಕು, ತನ್ನ ಕೆಲಸದಿಂದ ಪರಿಸರದ ಮೇಲೆ ಏನ್ ಪರಿಣಾಮ ಆಗ್ಬೋದು ಗೊತ್ತಿರ್ಬೇಕು ಅಂತ. ಹೆಚ್ಚಿನ ಕಡೆ ಏನ್ ಮಾಡ್ತಾರೆ ಅಂದ್ರೆ ನೀತೀನ ಸಣ್ಣಕ್ಷರದಲ್ಲಿ ಪ್ರಿಂಟ್ ಹಾಕ್ಸಿ ಐಡಿ ಕಾರ್ಡ್ ಹಿಂದೆ ಸಿಗ್ಸಿರ್ತಾರೆ. ನಾನು ಮಷೀನ್ ಹತ್ರ ನಿಂತಿರೋ ಹುಡುಗನ್ನ "ನಿಮ್ ಕಂಪನಿ ಪರಿಸರ ನೀತಿ ಏನಪ್ಪಾ" ಅಂದ್ರೆ ಸೀದಾ ಕಾರ್ಡ್ ತಿರುಗ್ಸಿ ಓದೋಕೆ ಶುರು ಮಾಡ್ತಾನೆ, ಅದೂ ಇಂಗ್ಲಿಷಲ್ಲಿ ಇರುತ್ತೆ, ಪಾಪ ತಡವರಿಸ್ತಾನೆ. ಅದೇ ಹುಡುಗನ್ನ "ಈ ಆಯಿಲ್ ಚೆಲ್ಲಿದ್ರೆ ಏನ್ ಮಾಡ್ತೀಯ" ಅಂತ ಕೇಳಿ, ಮರಳಿನ ಬಕೆಟ್ ಎಲ್ಲಿದೆ, ಯಾವ ಚರಂಡಿ ಬಾಯಿ ಮುಚ್ಚಬೇಕು, ಎಣ್ಣೆ ಒರೆಸಿದ ಬಟ್ಟೆ ಯಾವ ಡ್ರಮ್ಮಿಗೆ ಹಾಕ್ಬೇಕು ಎಲ್ಲಾ ಪಟಪಟ ಹೇಳ್ತಾನೆ. ನನ್ ಲೆಕ್ಕದಲ್ಲಿ ಅವನು ಪಾಸು.

ಇನ್ನೊಂದು, ಷೇರುಪೇಟೇಲಿರೋ ಟಾಪ್ 1000 ಕಂಪನಿಗಳು 2022-23ರಿಂದ ಷೇರುಪೇಟೆ ನೋಡ್ಕೊಳ್ಳೋ ಸೆಬಿಗೆ ಬಿಆರ್‌ಎಸ್‌ಆರ್ ಅಂತ, ಪರಿಸರ ಮತ್ತೆ ಸಮಾಜದ ಹೊಣೆ ಬಗ್ಗೆ ಒಂದು ವರದಿ ಕೊಡ್ಲೇಬೇಕು. ಅದ್ರಲ್ಲಿ ಎಷ್ಟು ಪರ್ಸೆಂಟ್ ನೌಕರರಿಗೆ ಇಂಥ ವಿಷಯದಲ್ಲಿ ಟ್ರೈನಿಂಗು, ಅರಿವು ಕಾರ್ಯಕ್ರಮ ಆಗಿದೆ ಅಂತ ಒಂದು ಕಾಲಂ ಇದೆ. ನಿಮಗೆ ಇಪ್ಪತ್ತು ನಿಮಿಷದ ಸ್ಲೈಡ್ ತೋರ್ಸಿ ಕೊನೇಲಿ ಐದು ಪ್ರಶ್ನೆ ಕೇಳೋದು ಆ ಕಾಲಂ ತುಂಬೋಕೆ. ತಪ್ಪು ಅಂತಲ್ಲ, ಆದ್ರೆ ಅದು ತುಂಬಿದ ಮಾತ್ರಕ್ಕೆ ಟೀ ಕಪ್ ಕಮ್ಮಿ ಆಗಲ್ಲ.

ಸಿಡುಕ ಶಾಸ್ತ್ರಿ:
ಇದೆಲ್ಲ ನಾಟಕ ಸ್ವಾಮಿ. ವಾರಕ್ಕೆ ಮೂರು ದಿನ ಕಡ್ಡಾಯ ಆಫೀಸಿಗೆ ಬಾ ಅಂತ ಮೇಲ್ ಕಳ್ಸೋದು ಅದೇ ಕಂಪನಿ, ಎರಡು ಗಂಟೆ ಟ್ರಾಫಿಕ್‌ನಲ್ಲಿ ಪೆಟ್ರೋಲ್ ಸುಟ್ಕೊಂಡು ಬಂದ್ಮೇಲೆ "ಪ್ರಿಂಟ್ ತೆಗೆಯುವ ಮುನ್ನ ಯೋಚಿಸಿ" ಅಂತ ಬೋರ್ಡ್ ಹಾಕೋದೂ ಅದೇ ಕಂಪನಿ. ಬಾಸ್‌ಗಳು ಒಂದು ಗಂಟೆ ಮೀಟಿಂಗ್‌ಗೆ ಡೆಲ್ಲಿಗೆ ವಿಮಾನದಲ್ಲಿ ಹೋಗಿ ಸಂಜೆ ವಾಪಸ್. ನನ್ ಕೈಲಿರೋ ಎರಡು ಹಾಳೆ ಪೇಪರ್ ಉಳ್ಸಿದ್ರೆ ಭೂಮಿ ಉಳಿಯುತ್ತಾ? ಕಂಪನಿಗೆ ಅಷ್ಟು ಕಾಳಜಿ ಇದ್ರೆ ವರ್ಕ್ ಫ್ರಮ್ ಹೋಮ್ ಕೊಡ್ಲಿ, ಅದೇ ದೊಡ್ಡ ಪರಿಸರ ದಿನ.

ಕೋರಮಂಗಲ ಕೋಡರ್:
ಶಾಸ್ತ್ರಿಗಳು ಹೇಳಿದ್ದು ಕಟು ಆದ್ರೂ ಸುಳ್ಳಲ್ಲ. ಬೆಳ್ಳಂದೂರು ಕಡೆ ಕೆಲಸ ಮಾಡೋರಿಗೆ ಸ್ಲೈಡ್ ಹಾಕಿ ಪರಿಸರ ತೋರಿಸ್ಬೇಕಾ, 2017ರಲ್ಲಿ ಕೆರೆಗೆ ಬೆಂಕಿ ಬಿದ್ದಾಗ ಹೊಗೆ ನೋಡ್ಕೊಂಡೇ ಆಫೀಸಿಗೆ ಹೋದೋರು ನಾವು. ನೊರೆ ಹಾರ್ಕೊಂಡ್ ಬಂದು ಗಾಡಿ ಗ್ಲಾಸಿಗೆ ಅಂಟ್ಕೊಳ್ತಿತ್ತು.

ಪೀಣ್ಯ ಸೆಕೆಂಡ್ ಶಿಫ್ಟ್:
ಶಾಸ್ತ್ರಿಗಳೇ, ಆಫೀಸಿಗೆ ನಿಮ್ ಮಾತು ಸರಿ ಇರ್ಬೋದು, ಫ್ಯಾಕ್ಟರೀಲಿ ಕಥೆ ಬೇರೆ. ನಮ್ದು ಮಷೀನ್ ಶಾಪು. ಇಲ್ಲಿ ಕೆಲಸಗಾರನ ಕೈಲೇ ಎಲ್ಲಾ ಇರೋದು, ಮ್ಯಾನೇಜರ್ ಕೈಲಿ ಎಕ್ಸೆಲ್ ಶೀಟ್ ಮಾತ್ರ.

ಒಂದು ಉದಾಹರಣೆ ಹೇಳ್ತೀನಿ ಕೇಳಿ. ಕಂಪ್ರೆಸರ್ ಗಾಳಿ. ಶಾಪಲ್ಲಿ ಎಲ್ಲಾದಕ್ಕೂ ಗಾಳಿ ಬೇಕು, ಜಾಬ್ ಅಂದ್ರೆ ಮಾಡ್ತಿರೋ ಪೀಸ್ ಕ್ಲೀನ್ ಮಾಡೋಕೆ, ಅದನ್ನ ಮಷೀನಲ್ಲಿ ಬಿಗಿಯಾಗಿ ಹಿಡಿಯೋ ಚಕ್‌ಗೆ, ಗಾಳಿ ಗನ್ನಿಗೆ. ಜನ ಗಾಳಿ ಪುಕ್ಸಟ್ಟೆ ಅನ್ಕೊಂಡಿರ್ತಾರೆ, ಆದ್ರೆ ಅದನ್ನ ಒತ್ತಿ ಪೈಪಿಗೆ ತುಂಬೋಕೆ ತಿನ್ನೋ ಕರೆಂಟು ನೋಡಿದ್ರೆ ಶಾಪಲ್ಲಿ ಅದಕ್ಕಿಂತ ದುಬಾರಿ ಇನ್ನೊಂದಿಲ್ಲ. ಸರಿಯಾಗಿ ನೋಡ್ಕೊಳ್ದೆ ಇರೋ ಶಾಪಲ್ಲಿ ಕಂಪ್ರೆಸರ್ ಮಾಡೋ ಗಾಳೀಲಿ 20ರಿಂದ 30 ಪರ್ಸೆಂಟ್ ಬರೀ ಲೀಕ್‌ಗೇ ಹೋಗುತ್ತೆ ಅಂತಾರೆ ಎನರ್ಜಿ ಆಡಿಟ್‌ನೋರು. ಹಗಲಲ್ಲಿ ಮಷೀನ್ ಸದ್ದಿಗೆ ಕೇಳಲ್ಲ. ಭಾನುವಾರ ಮೆಂಟೆನೆನ್ಸ್ ದಿನ ಮಷೀನ್ ಎಲ್ಲಾ ಆಫ್ ಮಾಡಿ ಲೈನಲ್ಲಿ ಪ್ರೆಶರ್ ಮಾತ್ರ ಬಿಟ್ಟು ನಿಂತ್ಕೊಂಡ್ರೆ ಸುತ್ತ ಬರೀ ಸುಸ್ಸ್ಸ್ ಅಂತ ಸದ್ದು. ಒಂದು ಸಲ ಆಪರೇಟರ್‌ಗಳನ್ನೇ ಕರ್ಕೊಂಡೋಗಿ ಕೇಳಿಸಿದ್ರು, ಒಬ್ಬೊಬ್ಬರ ಕೈಗೂ ಕೆಂಪು ಟ್ಯಾಗ್ ಕೊಟ್ಟು ಸದ್ದು ಬಂದ ಕಡೆ ಕಟ್ಟಿ ಅಂದ್ರು, ಸೋಪ್ ನೀರು ಬ್ರಷ್ಷಲ್ಲಿ ಹಚ್ಚಿ ಗುಳ್ಳೆ ಬರೋ ಜಾಗ ಹುಡುಕೋದು. ಟ್ಯಾಗ್ ಸಾಲ್ಲಿಲ್ಲ ಮಾರಾಯ್ರೇ. ಕಪ್ಲಿಂಗ್, ಕ್ಲಾಂಪ್, ಹಳೇ ಹೋಸು, ಡ್ರೈನ್ ವಾಲ್ವ್. ರಿಪೇರಿ ಆದ್ಮೇಲೆ ಕಂಪ್ರೆಸರ್ ಆಗಾಗ ಅನ್‌ಲೋಡ್ ಆಗಿ ಸುಮ್ನಾಗೋದು ನಮಗೇ ಕೇಳಿಸ್ತು. ಆಮೇಲೆ ಹುಡುಗ್ರಿಗೆ ಎಲ್ಲಾದ್ರೂ ಸುಸ್ಸ್ ಅಂದ್ರೆ ತಡ್ಕೊಳಕ್ಕಾಗಲ್ಲ, ಓಡೋಗಿ ಹೇಳ್ತಾರೆ. ಪೋಸ್ಟರ್ ಒಂದೂ ಅಂಟಿಸ್ಲಿಲ್ಲ.

ಇನ್ನು ಮಷೀನ್ ತಣ್ಣಗಿಡೋ ಕೂಲಂಟು, ಬಳಸಿದ ಎಣ್ಣೆ, ಎಣ್ಣೆ ಹಿಡಿದ ಕಾಟನ್ ವೇಸ್ಟು. ಅದೆಲ್ಲಾ ಅಪಾಯಕಾರಿ ತ್ಯಾಜ್ಯ, 2016ರ ರೂಲ್ಸ್ ಪ್ರಕಾರ 90 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಪರ್ಮಿಷನ್ ಇರೋರಿಗೇ ಕೊಡ್ಬೇಕು. ಹೊಸಬ ಹುಡುಗ್ರಿಗೆ ಇದು ಗೊತ್ತೇ ಇರಲ್ಲ, ಕಾಟನ್ ವೇಸ್ಟ್ ತಗೊಂಡು ಟೀ ಕಪ್ ಜೊತೆ ಒಂದೇ ಡಬ್ಬಕ್ಕೆ ಹಾಕ್ತಾರೆ. ಹೇಳ್ಕೊಡೋದು ಹಳೇ ಆಪರೇಟರ್ರೇ, ಅದೂ ಬೈಗುಳದ ಜೊತೆ. ಅದೇ ನಮ್ ಟ್ರೈನಿಂಗು.

ಗಾರ್ಮೆಂಟ್ಸ್ ಅಕ್ಕ:
ನೀವೆಲ್ಲಾ ಮಾತಾಡ್ತಿರೋದು ಚೆನ್ನಾಗಿದೆ ನಾನೂ ಒಂದ್ ಮಾತ್ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ನಮ್ ಫ್ಯಾಕ್ಟರೀಲೂ ಪರಿಸರ ದಿನ ಮಾಡ್ತಾರೆ, ಫಾರಿನ್ ಬಯರ್ ಕಡೆಯೋರು ಬರೋ ದಿನ ನೋಡ್ಕೊಂಡು. ಊಟದ ಟೈಮ್ ಅರ್ಧ ಗಂಟೆ, ಅದ್ರಲ್ಲೇ ಹದಿನೈದು ನಿಮಿಷ ನಿಲ್ಸಿ ಪ್ರತಿಜ್ಞೆ ಮಾಡಿಸ್ತಾರೆ, ಉಳಿದಿದ್ರಲ್ಲಿ ಡಬ್ಬಿ ತೆಗೆದು ತಿನ್ಬೇಕು ಬಾತ್‌ರೂಮಿಗೆ ಹೋಗ್ಬೇಕು ವಾಪಸ್ ಬಂದು ಮಷೀನ್ ಮೇಲೆ ಕೂರ್ಬೇಕು, ಟಾರ್ಗೆಟ್ ಮಾತ್ರ ಒಂದು ಪೀಸೂ ಕಮ್ಮಿ ಮಾಡಲ್ಲ. ಬಾತ್‌ರೂಮಲ್ಲಿ ನಲ್ಲಿ ಮೇಲೆ ನೀರು ಅಮೂಲ್ಯ ಉಳಿಸಿ ಅಂತ ಸ್ಟಿಕ್ಕರ್. ನಲ್ಲೀಲಿ ನೀರೇ ಬರಲ್ಲ, ಡ್ರಮ್ಮಿಂದ ಮೊಗೆದು ತಗೊಂಡೋಗೋದು ನಾವು. ಉಳ್ಸೋದನ್ನ ನಮಗೆ ಹೇಳ್ಕೊಡ್ತಾರಾ? ಮನೇಲಿ ಕೊಡ ಹಿಡ್ಕೊಂಡು ಟ್ಯಾಂಕರ್ ಮುಂದೆ ಕ್ಯೂ ನಿಲ್ಲೋರು ನಾವು, ಅಕ್ಕಿ ತೊಳೆದ ನೀರು ಗಿಡಕ್ಕೆ ಹಾಕೋರು, ಒಂದು ಕವರ್ ಬಿಸಾಕದೆ ಮಡಿಚಿ ಇಟ್ಕೊಳೋರು. ಕಟಿಂಗ್ ಸೆಕ್ಷನ್ನಲ್ಲಿ ಮೂಟೆಗಟ್ಟಲೆ ತುಂಡು ಬಟ್ಟೆ ಹೋಗುತ್ತೆ ಅದನ್ನ ಎಲ್ಲಿಗ್ ಹಾಕ್ತಾರೆ ಅಂತ ಕೇಳಿದ್ರೆ ಸೂಪರ್‌ವೈಸರ್ ನಿನಗ್ಯಾಕೆ, ಸುಮ್ನೆ ಬಟ್ಟೆ ಹೊಲಿಯಮ್ಮ ಅಂತಾರೆ.

ಸಿಡುಕ ಶಾಸ್ತ್ರಿ:
ಅಕ್ಕ, ನಿಮ್ ಮಾತಿಗೆ ನಾನ್ ಸೇರ್ಸೋದು ಏನೂ ಇಲ್ಲ.

ಆಡಿಟ್ ಅಣ್ಣ:
ಅಕ್ಕ ಹೇಳಿದ್ದು ನಿಜ. ಅರಿವು ಕಾರ್ಯಕ್ರಮ ಅಂತ ಇಟ್ರೆ ಅದು ಕೆಲಸದ ಟೈಮಲ್ಲೇ ಇರ್ಬೇಕು, ಅಷ್ಟು ಹೊತ್ತಿನ ಟಾರ್ಗೆಟ್ ಕಳೀಬೇಕು. ಊಟದ ಟೈಮು, ಭಾನುವಾರ, ಶಿಫ್ಟ್ ಮುಗಿದ್ಮೇಲೆ ಅಂತ ಇಟ್ರೆ ಜನಕ್ಕೆ ಪರಿಸರ ಅಂದ್ರೇನೇ ಸಿಟ್ಟು ಬರುತ್ತೆ. ಅಮ್ಮಣ್ಣಿ ಅವ್ರು ಇದನ್ನ ಎಚ್‌ಆರ್‌ಗೆ ಮೊದ್ಲೇ ಹೇಳ್ಬಿಡಿ. ಮತ್ತೆ ಕೆಲವ್ರು ಇದನ್ನ ಸಿಎಸ್‌ಆರ್, ಅಂದ್ರೆ ದೊಡ್ಡ ಕಂಪನಿಗಳು ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಅಂತ ಹಾಕ್ಬೇಕಾದ ಖರ್ಚಲ್ಲಿ ತೋರಿಸೋಣ ಅಂತ ಬರ್ತಾರೆ. ಆಗಲ್ಲ. ಬರೀ ಕಂಪನಿ ನೌಕರರಿಗೇ ಉಪಯೋಗ ಆಗೋ ಚಟುವಟಿಕೆ ಆ 2 ಪರ್ಸೆಂಟ್ ಲೆಕ್ಕದಲ್ಲಿ ಬರಲ್ಲ.

ಅಡ್ಮಿನ್ ಅಮ್ಮಣ್ಣಿ:
ಓದಿ ತಲೆ ಗಿರ್ ಅಂತು. ಅಕ್ಕ, ನೀವು ಬರೆದಿದ್ದಕ್ಕೆ ಥ್ಯಾಂಕ್ಸ್, ನಮ್ಮಲ್ಲೂ ಹೌಸ್‌ಕೀಪಿಂಗ್‌ನೋರನ್ನ ಇಂಥ ಯಾವ ಕಾರ್ಯಕ್ರಮಕ್ಕೂ ಇಲ್ಲೀವರ್ಗೂ ಕರೆದಿಲ್ಲ, ಟೀ ಕೊಡೋಕೆ ಮಾತ್ರ ಕರೀತಾರೆ. ಸರಿ, ನಮ್ ಥರ ಲ್ಯಾಪ್‌ಟಾಪ್ ಕುಟ್ಟೋ ಆಫೀಸಲ್ಲಿ ಕಂಪ್ರೆಸರ್ ಥರದ್ದು ಏನಿದೆ? ಕೈಗೆ ಸಿಗೋದು, ಕಣ್ಣಿಗೆ ಕಾಣೋದು?

ಕಸದ ಲೆಕ್ಕಾಚಾರ:
ಕಸ. ಹೆಸರೇ ಹೇಳುತ್ತೆ ನಾನ್ ಯಾರು ಅಂತ 😄 ಅಪಾರ್ಟ್‌ಮೆಂಟು, ಆಫೀಸು ಅಂತ ಕಸ ಬೇರ್ಪಡಿಸೋದು ಹೇಳ್ಕೊಡೋಕೆ ಹೋಗ್ತಿರ್ತೀನಿ.

ಒಂದು ದಿನದ ಕಸ ಇಟ್ಕೊಳ್ಳಿ. ಅಷ್ಟೇ. ಒಂದು ಫ್ಲೋರಿನ ಒಂದು ದಿನದ ಕಸ ಹೊರಗೆ ಹಾಕ್ಬೇಡಿ ಅಂತ ಹೌಸ್‌ಕೀಪಿಂಗ್‌ಗೆ ಹೇಳಿ. ಮಾರನೇ ದಿನ ಬೆಳಗ್ಗೆ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ದೊಡ್ಡ ಟಾರ್ಪಾಲ್ ಹಾಸಿ, ಗ್ಲೋವ್ಸ್ ಮಾಸ್ಕ್ ಹಾಕ್ಕೊಂಡು ಚೀಲ ಬಿಚ್ಚಿ ಸುರೀರಿ. ಬರೋರು ಬರ್ಲಿ, ಬಲವಂತ ಬೇಡ. ಟಾಯ್ಲೆಟ್ ಕಸ ಮಾತ್ರ ಬೇರೆ ಇಡ್ಸಿ, ಅದನ್ನ ಮುಟ್ಟೋದು ಬೇಡ. ನಾನು ನೋಡಿದ ಆಫೀಸ್‌ಗಳಲ್ಲಿ ಚೀಲ ಬಿಚ್ಚಿದ ತಕ್ಷಣ ಎಲ್ರೂ ಸೈಲೆಂಟು. ಕೈ ಒರೆಸಿದ ಟಿಶ್ಯೂ ಗುಡ್ಡೆ. ಅರ್ಧ ಕುಡಿದ ಟೀ ಸಮೇತ ಪೇಪರ್ ಕಪ್ಪು, ಒಂದರೊಳಗೊಂದು ಸಿಗ್ಸಿ. ಸಾಂಬಾರ್ ಪ್ಯಾಕೆಟ್ ಗಂಟು ಬಿಚ್ಚದೇ ಹಾಗೇ. ಹಸಿ ಕಸದಲ್ಲಿ ಒಂದು ಚಾರ್ಜರ್ ವೈರು. ಪ್ಯಾಂಟ್ರಿಯ ನಂದಿನಿ ಪ್ಯಾಕೆಟ್ಟು, ಮೂಲೆ ಪೂರ್ತಿ ಕತ್ತರಿಸಿ ಆ ಪುಟಾಣಿ ತ್ರಿಕೋನ ಎಲ್ಲೋ ಕಾಣೆ. ಆ ಚೂರು ಯಾರ ಕೈಗೂ ಸಿಗಲ್ಲ ರೀಸೈಕಲ್‌ಗೆ ಹೋಗಲ್ಲ, ಅದಕ್ಕೇ ಮೂಲೆ ಪೂರ್ತಿ ಕತ್ತರಿಸ್ಬೇಡಿ, ಪ್ಯಾಕೆಟ್ಟಿಗೇ ಅಂಟ್ಕೊಂಡಿರ್ಲಿ ಅನ್ನೋದು. ಎಲ್ಲಾನೂ ಬೇರೆ ಬೇರೆ ಗುಡ್ಡೆ ಮಾಡಿ ತೂಕ ಹಾಕಿ, ತೂಕ ಬಿಳಿ ಬೋರ್ಡಿಗೆ ಬರೀರಿ.

ಮುಖ್ಯ ವಿಷಯ ಈಗ ಬರುತ್ತೆ. ವಿವರಣೆ ಕೊಡೋಕೆ ಹೊರಗಿಂದ ನನ್ನಂಥೋರನ್ನ ಕರೀಬೇಡಿ, ನಿಮ್ ಹೌಸ್‌ಕೀಪಿಂಗ್ ಅಕ್ಕಂಗೆ ಮಾತಾಡೋಕೆ ಹೇಳಿ. ಯಾವ ಸಾಲಲ್ಲಿ ಊಟ ಡೆಸ್ಕ್ ಮೇಲೇ ತಿಂತಾರೆ, ಯಾವ ಮೀಟಿಂಗ್ ರೂಮಲ್ಲಿ ಅರ್ಧ ಬಾಟಲಿ ನೀರು ಬಿಟ್ಟು ಏಳ್ತಾರೆ, ಹಸಿರು ಡಬ್ಬಕ್ಕೆ ಪ್ಲಾಸ್ಟಿಕ್ ಹಾಕೋರು ಯಾರು, ಎಲ್ಲಾ ಅವ್ರಿಗೆ ಗೊತ್ತು. ಒಂದ್ ಕಡೆ ಒಬ್ರು "ನೀವು ಮೂರು ಡಬ್ಬ ಇಟ್ಟಿದೀರ ಸರ್, ಆದ್ರೆ ನಮಗೆ ಕೊಟ್ಟಿರೋದು ಕಪ್ಪು ಚೀಲ ಒಂದೇ" ಅಂದ್ರು. ಮ್ಯಾನೇಜರ್ ಮುಖ ನೋಡ್ಬೇಕಿತ್ತು. ವರ್ಷಗಟ್ಟಲೆ ಜನ ಬೇರ್ಪಡಿಸಿದ್ದೆಲ್ಲಾ ಸಂಜೆ ಒಂದೇ ಚೀಲಕ್ಕೆ ಹೋಗ್ತಿತ್ತು.

ಮತ್ತೆ ಡೆಸ್ಕ್ ಕೆಳಗಿರೋ ಸಣ್ಣ ಡಸ್ಟ್‌ಬಿನ್ ಎಲ್ಲಾ ತೆಗೆಸಿ. ಮೊದ್ಲನೇ ವಾರ ಬೈಸ್ಕೋತೀರ. ಎದ್ದು ನಡ್ಕೊಂಡೋಗಿ ಡಬ್ಬದ ಮುಂದೆ ನಿಂತಾಗ ಮಾತ್ರ ಮನುಷ್ಯ ಯಾವುದಕ್ಕೆ ಹಾಕ್ಲಿ ಅಂತ ಯೋಚ್ನೆ ಮಾಡ್ತಾನೆ.

ಹುಬ್ಬಳ್ಳಿ ಮಂದಿ:
ಕಸ ಸುರದು ತೋರ್ಸೂದು ಭಾರಿ ಐತಿ. ನಮ್ಮ ಕಡೆ 2025ರ ಅಕ್ಟೋಬರ್‌ದಾಗ ಸರ್ಕಾರಿ ಆಫೀಸು ಮೀಟಿಂಗ್‌ನ್ಯಾಗ ಪ್ಲಾಸ್ಟಿಕ್ ನೀರಿನ ಬಾಟ್ಲಿ ಬ್ಯಾಡ ಅಂತ ಆದೇಶ ಬಂತಲ್ರಿ. ನಮ್ಮ ಆಫೀಸ್‌ನ್ಯಾಗ ಮೊದ್ಲ ಎಲ್ಲಾರೂ ಗೊಣಗಿದ್ರು, ಸಾಹೇಬ್ರಿಗೆ ತಂಬಗಿ ಇಡಾಕ ಆಗ್ತದೇನು ಅಂತ. ಈಗ ಸ್ಟೀಲ್ ಗ್ಲಾಸ್ ಅದಾವ, ಏನೂ ಆಕಾಶ ಕಳಚಿ ಬಿದ್ದಿಲ್ಲ. ಖರೇ ಹೇಳ್ಬೇಕಂದ್ರ ಅರಿವು ಗಿರಿವು ಏನೂ ಬೇಕಾಗ್ಲಿಲ್ಲ, ಬಾಟ್ಲಿ ಬಿಲ್ ಪಾಸ್ ಆಗೂದಿಲ್ಲ ಅಂದ್ರ ತಂತಾನ ನಿಂತು.

ಕುಡ್ಲದವ:
ನಮ್ಮ ಬ್ಯಾಂಕ್ ಬ್ರಾಂಚಿನಿಂದ ಬೀಚ್ ಕ್ಲೀನಿಂಗ್‌ಗೆ ಹೋಗುದುಂಟು, ತಣ್ಣೀರುಬಾವಿ, ಪಣಂಬೂರು ಕಡೆ. ಸೆಪ್ಟೆಂಬರ್‌ನ ಮೂರನೇ ಶನಿವಾರ ಹೇಗೂ ಎಲ್ಲಾ ಕಡೆ ಮಾಡ್ತಾರೆ, ಕರಾವಳಿ ಸ್ವಚ್ಛತಾ ದಿನ ಅಂತ. ಬೆಳಿಗ್ಗೆ ಹೋಗುದು, ಗೋಣಿ ತುಂಬಿಸುದು, ನೀರುದೋಸೆ ತಿಂದು ಬರುದು, ಜನ ಬರ್ತಾರೆ, ಖುಷಿಯೂ ಆಗ್ತದೆ. ಆದರೆ ಮಳೆಗಾಲದಲ್ಲಿ ಬಂದು ನೋಡಿ ಮಾರಾಯ್ರೆ, ನೇತ್ರಾವತಿ ಗುರುಪುರ ಹೊಳೆ ಎರಡೂ ಮೇಲಿನ ಕಸವನ್ನೆಲ್ಲ ತಂದು ಹಾಕ್ತದೆ, ಸಮುದ್ರ ಅದನ್ನು ಪುನಃ ದಡಕ್ಕೆ ಎಸೀತದೆ. ಒಂದು ವಾರದಲ್ಲಿ ಮೊದಲಿನ ಹಾಗೇ. ಹಾಗಂತ ಹೋಗುದು ಬೇಡ ಅಂತ ಅಲ್ಲ. ನಮ್ಮದರಲ್ಲಿ ಒಬ್ಬರು ಸುಮ್ಮನೆ ತುಂಬಿಸುದು ಬೇಡ, ಎಂತೆಂತ ಸಿಗ್ತದೆ ಬರೆದಿಡುವ ಅಂತ ಶುರು ಮಾಡಿದ್ರು. ಚಪ್ಪಲಿ, ಬಲೆ ತುಂಡು, ಗುಟ್ಕಾ ಪ್ಯಾಕೆಟ್, ಥರ್ಮಾಕೋಲ್. ಮತ್ತೆ ನಮ್ಮದೇ ಬ್ಯಾಂಕಿನ ಕ್ಯಾಲೆಂಡರ್ ಸುತ್ತಿ ಕೊಡುವ ಪ್ಲಾಸ್ಟಿಕ್ ಕವರ್ ಒಂದು ಸಿಕ್ಕಿತು. ಅದರ ಫೋಟೋ ಮ್ಯಾನೇಜರಿಗೆ ಕಳಿಸಿದ್ದಕ್ಕೆ ಮರುವರ್ಷ ನಮ್ಮ ಬ್ರಾಂಚಿನಲ್ಲಿ ಕ್ಯಾಲೆಂಡರಿಗೆ ರಬ್ಬರ್ ಬ್ಯಾಂಡ್ ಬಂತು.

ಡಿಪೋ ಡ್ರೈವರ್:
ಸಾರ್ ನಾನು ಸಾರಿಗೆ ಬಸ್ ಓಡ್ಸೋನು. ಪರಿಸರ ಅನ್ನೋ ಪದ ನಮ್ ಡಿಪೋಲಿ ಯಾರೂ ಆಡಲ್ಲ, ಆಡೋದು ಕೆಎಂಪಿಎಲ್ಲು. ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಅಂತ, ಡ್ರೈವರ್ ಡ್ರೈವರ್‌ಗೂ ಲೆಕ್ಕ ಇರುತ್ತೆ, ಚೆನ್ನಾಗ್ ಕೊಟ್ಟೋರಿಗೆ ಬಹುಮಾನಾನೂ ಇದೆ. ಸುಮ್ನೆ ಕ್ಲಚ್ ಮೇಲೆ ಕಾಲಿಟ್ಕೊಂಡು ಓಡ್ಸೋದು, ಸ್ಟ್ಯಾಂಡಲ್ಲಿ ಇಂಜಿನ್ ಆನ್ ಬಿಟ್ಟು ಟೀ ಕುಡಿಯೋದು, ಸಿಗ್ನಲ್ ಹತ್ರ ಬರೋವರ್ಗೂ ರೇಸ್ ಮಾಡಿ ಗಕ್ಕನೆ ಬ್ರೇಕ್ ಹಾಕೋದು, ಇದೆಲ್ಲಾ ಬಿಟ್ರೆ ಡೀಸೆಲ್ ಉಳಿಯುತ್ತೆ, ಗಾಡೀನೂ ಉಳಿಯುತ್ತೆ. ಆದ್ರೆ ಒಂದ್ ಮಾತು, ಒಂದೇ ನಂಬರ್ ಹಿಡ್ಕೊಂಡು ಎಲ್ರನ್ನೂ ಅಳೆಯೋಕೆ ಹೋದ್ರೆ ಜಗಳ ಆಗುತ್ತೆ. ಸಿಟಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗೋನಿಗೂ ಹೈವೇಲಿ ಹೋಗೋನಿಗೂ ಒಂದೇ ಲೆಕ್ಕ ಹಾಕಕ್ಕಾಗುತ್ತಾ? ಹಳೇ ಗಾಡಿ ಕೊಟ್ಟು ಕೆಎಂಪಿಎಲ್ ಕೇಳಿದ್ರೆ ಎಲ್ಲಿಂದ ತರೋದು? ನಿಮ್ ಆಫೀಸಲ್ಲೂ ಕಾಂಪಿಟೇಶನ್ ಅಂತ ಇಟ್ರೆ ಇದನ್ನ ನೋಡ್ಕೊಳಿ.

ಪೀಣ್ಯ ಸೆಕೆಂಡ್ ಶಿಫ್ಟ್:
ಡ್ರೈವರಣ್ಣ ಸೂಪರ್. ನಂಬರ್ ತನ್ನದು ಅನ್ನಿಸ್ಬೇಕು, ಆಗ ಮನುಷ್ಯ ತಾನಾಗೇ ಕಾಯ್ತಾನೆ.

ಕೋರಮಂಗಲ ಕೋಡರ್:
ಬಸ್ ಅಂದಾಗ ನೆನಪಾಯ್ತು, 2010ರಲ್ಲಿ ಬಿಎಂಟಿಸಿಯೋರು ತಿಂಗಳ 4ನೇ ತಾರೀಕು ಬಸ್ ಡೇ ಅಂತ ಮಾಡ್ತಿದ್ರು, ಅವತ್ತು ಗಾಡಿ ಬಿಟ್ಟು ಬಸ್ಸಲ್ಲಿ ಬನ್ನಿ ಅಂತ. ಈಗ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮೆಟ್ರೋ ಬಂದಿದೆ, 2025ರ ಆಗಸ್ಟಲ್ಲಿ ಶುರು ಆಯ್ತು, ನಮ್ ಟೀಮಲ್ಲಿ ಯಾರೂ ಭಾಷಣ ಮಾಡ್ದೇನೇ ಅರ್ಧ ಜನ ಕಾರ್ ಬಿಟ್ರು. ಸ್ಟೇಷನ್‌ನಿಂದ ಆಫೀಸಿಗೆ ಕೊನೇ ಎರಡು ಕಿಲೋಮೀಟರ್ ಆಟೋದೋನು ಕೇಳೋ ರೇಟಿಗೆ ಉಳಿದರ್ಧ ಜನ ಕಾರ್ ಬಿಡ್ಲಿಲ್ಲ. ಕಂಪನಿ ಒಂದು ಶಟಲ್ ಬಿಟ್ಟಿದ್ರೆ ಮುಗೀತಿತ್ತು, ಅದನ್ನ ಬಿಟ್ಟು ಕಾರ್‌ಪೂಲ್ ಪೋಸ್ಟರ್ ಸ್ಪರ್ಧೆ ಇಟ್ಟಿದಾರೆ.

ಸ್ಟುಟ್‌ಗಾರ್ಟ್ ಕನ್ನಡಿಗ:
ಜರ್ಮನಿಯಿಂದ. ಇಲ್ಲಿ ನನ್ನ ಆಫೀಸಲ್ಲಿ ಪರಿಸರದ ಭಾಷಣ ಕೇಳಿದ್ದು ಕಡಿಮೆ, ಆದ್ರೆ ವ್ಯವಸ್ಥೆ ಇದೆ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇಡೀ ದೇಶದ ಲೋಕಲ್ ಬಸ್ಸು ಟ್ರೈನಿಗೆ ತಿಂಗಳ ಪಾಸು, 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರು ಆಗಿ ಈಗ ಏರಿದೆ. ಕಂಪನಿ ಅದ್ರಲ್ಲಿ ಕನಿಷ್ಠ 25 ಪರ್ಸೆಂಟ್ ಹಾಕಿದ್ರೆ ಮೇಲೆ ಇನ್ನೂ 5 ಪರ್ಸೆಂಟ್ ರಿಯಾಯ್ತಿ. ಹಾಗಾಗಿ ಕಾರಿಲ್ಲದೆ ಬರೋನಿಗೆ ನೇರವಾಗಿ ದುಡ್ಡು ಉಳಿಯುತ್ತೆ. ಬೇಸಿಗೇಲಿ ಶ್ಟಾಟ್‌ರಾಡೆಲ್ನ್ ಅಂತ 21 ದಿನ ಸೈಕಲ್ ತುಳಿಯೋ ಅಭಿಯಾನ, ಊರೂರಲ್ಲಿ ಕಂಪನಿಗಳು ಟೀಮ್ ಮಾಡ್ಕೊಂಡು ಕಿಲೋಮೀಟರ್ ಎಣಿಸ್ತಾರೆ, ನಮ್ ಬಾಸೂ ಬೆವರ್ಕೊಂಡು ಬರ್ತಾನೆ. ಆದ್ರೆ ಇಲ್ಲಿ ಸೈಕಲ್‌ಗೆ ಬೇರೆ ದಾರಿ ಇದೆ ಅನ್ನೋದನ್ನ ಮರೀಬಾರ್ದು. ಔಟರ್ ರಿಂಗ್ ರೋಡಲ್ಲಿ ಸೈಕಲ್ ತುಳೀರಿ ಅಂತ ನೌಕರರಿಗೆ ಹೇಳೋ ಧೈರ್ಯ ನನಗಂತೂ ಇಲ್ಲ.

ಏಸಿ ಸಂತ್ರಸ್ತೆ:
ಎಲ್ರೂ ದೊಡ್ಡ ದೊಡ್ಡದು ಹೇಳ್ತಿದೀರ, ನಂದು ಸಣ್ಣದು. ನಮ್ ಆಫೀಸಲ್ಲಿ ಏಸಿ 19ಕ್ಕೆ ಇಟ್ಟು ಹೆಂಗಸ್ರೆಲ್ಲಾ ಶಾಲು ಹೊದ್ಕೊಂಡು ಕೂರ್ತೀವಿ. ಜೂನ್ ತಿಂಗಳು, ಬೆಂಗ್ಳೂರು, ಹೊರಗೆ ತಣ್ಣಗೆ ಗಾಳಿ, ಒಳಗೆ ಸ್ವೆಟರ್. ಒಂದು ಡಿಗ್ರಿ ಮೇಲೆ ಇಟ್ರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತೆ ಅಂತ ಕೇಂದ್ರ ಸರ್ಕಾರದ ವಿದ್ಯುತ್ ಉಳಿತಾಯದ ಸಂಸ್ಥೆ ಬಿಇಇ ಹೇಳುತ್ತೆ, 2020ರಿಂದ ಸ್ಟಾರ್ ಲೇಬಲ್ ಇರೋ ರೂಮ್ ಏಸಿಗಳು 24ರಲ್ಲೇ ಆನ್ ಆಗ್ಬೇಕು ಅಂತ ರೂಲ್ ಕೂಡ ಇದೆ. ನಾನು 24 ಮಾಡ್ತೀನಿ, ಸೇಲ್ಸ್‌ನೋನು ಬಂದು 19 ಮಾಡ್ತಾನೆ, ರಿಮೋಟ್ ಯಾರ ಡ್ರಾಯರಲ್ಲಿದೆ ಅನ್ನೋದೇ ನಮ್ ಆಫೀಸ್ ರಾಜಕೀಯ. ಅಮ್ಮಣ್ಣಿ, ನಿಮ್ ಎಚ್‌ಆರ್ ಹೆಡ್‌ಗೆ ಹೇಳಿ, 24ಕ್ಕೆ ಲಾಕ್ ಮಾಡಿ ಫ್ಯಾನ್ ಹಾಕ್ಸಿ ಅಂತ. ನಯಾಪೈಸೆ ಬಜೆಟ್ ಬೇಡ.

ಸಿಡುಕ ಶಾಸ್ತ್ರಿ:
ಆ ಸೇಲ್ಸ್‌ನೋನ ಕಷ್ಟಾನೂ ಕೇಳಿ ಮೇಡಂ, ಟೂ ವೀಲರಲ್ಲಿ ಬೆವರಿ ಬಂದಿರ್ತಾನೆ.

ಏಸಿ ಸಂತ್ರಸ್ತೆ:
ಬಂದು ಹತ್ತು ನಿಮಿಷ ಫ್ಯಾನ್ ಕೆಳಗೆ ಕೂರ್ಲಿ ಶಾಸ್ತ್ರಿಗಳೇ, ಇಡೀ ದಿನ ನಮ್ಮನ್ನ ಯಾಕೆ ಫ್ರಿಜ್ಜಲ್ಲಿ ಇಡ್ತಾನೆ 🙂

ಜೆಪಿ ನಗರ ಜಲಜ:
2024ರ ಮಾರ್ಚ್ ನೆನಪಿದ್ಯಾ ಯಾರಿಗಾದ್ರೂ? ಬೋರ್‌ವೆಲ್ ಒಣಗಿ ಟ್ಯಾಂಕರ್ ರೇಟ್ ಬಾಯಿಗೆ ಬಂದಷ್ಟಾಗಿತ್ತು. ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ, ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು, ಆಫೀಸು, ಮಾಲು, ಅಪಾರ್ಟ್‌ಮೆಂಟ್ ನಲ್ಲಿಗಳಿಗೆ ನೀರು ಕಮ್ಮಿ ಬಿಡೋ ಏರೇಟರ್ ಹಾಕ್ಸಿ ಅಂತ ಗಡುವು ಕೊಡ್ತು. ಆಗ ನಮ್ ಆಫೀಸಲ್ಲಿ ಜನ ಸೇರ್ಕೊಂಡಂಗೆ ಯಾವತ್ತೂ ಸೇರ್ಕೊಂಡಿಲ್ಲ. ಅಡ್ಮಿನ್ ಮಾಡಿದ್ದು ಇಷ್ಟೇ, ಲಿಫ್ಟ್ ಪಕ್ಕ ಒಂದು ಬೋರ್ಡ್ ಇಟ್ಟು ಇವತ್ತು ಎಷ್ಟು ಟ್ಯಾಂಕರ್ ಬಂತು, ಎಷ್ಟು ಕೊಟ್ವಿ ಅಂತ ದಿನಾ ಬರೆದ್ರು. ಜನ ತಾವೇ ಬಂದು ಮೂರನೇ ಫ್ಲೋರ್ ಫ್ಲಶ್ ನಿಲ್ತಿಲ್ಲ, ಆರ್‌ಒ ಫಿಲ್ಟರಿಂದ ಹೊರಗೆ ಹೋಗೋ ನೀರು ಸುಮ್ನೆ ಮೋರಿಗೆ ಹೋಗ್ತಿದೆ ಅಂತ ಹೇಳೋಕೆ ಶುರು ಮಾಡಿದ್ರು. ಆ ಆರ್‌ಒ ನೀರಿಗೆ ಒಂದು ಪೈಪ್ ಎಳೆದು ಡ್ರಮ್ ಇಟ್ರು, ನೆಲ ಒರ್ಸೋಕೆ ಈಗ್ಲೂ ಅದೇ. ಮಳೆ ಬಂತು, ಬೋರ್ಡ್ ತೆಗೆದ್ರು. ಅದನ್ನ ತೆಗೀಬಾರ್ದಿತ್ತು ಅಂತ ನನ್ ಗೊಣಗಾಟ ಇನ್ನೂ ನಿಂತಿಲ್ಲ.

ಗಾರ್ಮೆಂಟ್ಸ್ ಅಕ್ಕ:
ನೀರಿನ ಲೆಕ್ಕ ಎಲ್ರ ಮುಂದೆ ಬರೆದಿಡೋದು ಒಳ್ಳೇದು. ನಮ್ಮಲ್ಲೂ ಹಂಗೆ ಬರೆದ್ರೆ ನಮ್ ಡ್ರಮ್ಮಿಗೆ ಎಷ್ಟು ಬಂತು, ಆಫೀಸ್ ಮುಂದಿನ ಹುಲ್ಲಿಗೆ ಎಷ್ಟು ಹೋಯ್ತು ಗೊತ್ತಾಗುತ್ತೆ.

ಅಡ್ಮಿನ್ ಅಮ್ಮಣ್ಣಿ:
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಎಚ್‌ಆರ್ ಹೆಡ್ ಜೊತೆ ಕೂತು ಮಾತಾಡ್ದೆ. ಕಸ ಸುರಿಯೋದು ಅಂದ ತಕ್ಷಣ "ಛೀ, ವಾಸ್ನೆ, ಬಿಲ್ಡಿಂಗ್‌ನೋರು ಒಪ್ಪಲ್ಲ" ಅಂದ್ರು. ಕಸದ ಲೆಕ್ಕಾಚಾರದೋರ ಪೋಸ್ಟ್ ಓದಿಸ್ದೆ, ಕಪ್ಪು ಚೀಲದ ಭಾಗಕ್ಕೆ ಬಂದಾಗ "ನಮ್ಮಲ್ಲಿ ಎಷ್ಟು ಚೀಲ ಕೊಡ್ತೀವಿ" ಅಂತ ಅವರೇ ಕೇಳಿದ್ರು. ಕೆಳಗೆ ಹೋಗಿ ನೋಡಿದ್ವಿ. ಒಂದೇ. ಅಲ್ಲಿಗೆ ಒಪ್ಕೊಂಡ್ರು. ಹೌಸ್‌ಕೀಪಿಂಗ್ ಅಕ್ಕಂಗೆ ಕೇಳ್ದೆ, "ಇಂಗ್ಲಿಷಲ್ಲಿ ಮಾತಾಡ್ಬೇಕಾ ಮೇಡಂ" ಅಂದ್ರು, ಬೇಡ ಕನ್ನಡದಲ್ಲೇ ಹೇಳಿ, ಅರ್ಥ ಆಗ್ದೇ ಇರೋರಿಗೆ ಪಕ್ಕದಲ್ಲಿರೋರು ಹೇಳ್ತಾರೆ ಅಂದಿದೀನಿ. ಏಸಿದು ಬಿಲ್ಡಿಂಗ್ ಸೆಂಟ್ರಲ್, ಅವ್ರಿಗೆ ಮೇಲ್ ಹಾಕಿದೀನಿ. ಪ್ರತಿಜ್ಞೆ ಕ್ಯಾನ್ಸಲ್. ಟೀ ಶರ್ಟ್ ಕ್ಯಾನ್ಸಲ್ ಮಾಡ್ಸೋಕೆ ಆಗ್ಲಿಲ್ಲ, ಆರ್ಡರ್ ಆಗೋಗಿದೆ.

ಇನ್ನೆರಡು ಡೌಟು. ಯಾವ ದಿನದ ಕಸ ಇಟ್ಕೊಳ್ಲಿ? ಮತ್ತೆ ಸ್ಟೋರ್ ರೂಮಲ್ಲಿ ಹಳೇ ಮಾನಿಟರು ಕೀಬೋರ್ಡು ಒಂದು ರಾಶಿ ಇದೆ, ಅದನ್ನೂ ಇದೇ ನೆಪದಲ್ಲಿ ಖಾಲಿ ಮಾಡ್ಬೋದಾ, ಗುಜರಿಯೋನು ಒಳ್ಳೇ ರೇಟ್ ಹೇಳ್ತಿದಾನೆ.

ಆಡಿಟ್ ಅಣ್ಣ:
ಗುಜರಿಗೆ ಕೊಡ್ಬೇಡಿ ಅಮ್ಮಣ್ಣಿ. ಇ-ತ್ಯಾಜ್ಯ ರೂಲ್ಸ್ 2022 ಅಂತ ಇದೆ, 2023ರ ಏಪ್ರಿಲ್‌ನಿಂದ ಜಾರಿ. ನೋಂದಣಿ ಇರೋ ರೀಸೈಕ್ಲರ್‌ಗೇ ಹೋಗ್ಬೇಕು. ರೇಟ್ ಕಮ್ಮಿ ಸಿಗುತ್ತೆ, ರಸೀದಿ ಸರ್ಟಿಫಿಕೇಟ್ ಸಿಗುತ್ತೆ, ಅದನ್ನ ಫೈಲ್ ಮಾಡಿ ಇಟ್ಕೊಳ್ಳಿ. ಹಾರ್ಡ್ ಡಿಸ್ಕ್ ಇದ್ರೆ ಐಟಿಯೋರಿಗೆ ಮೊದ್ಲು ಕೊಟ್ಟು ಅಳಿಸ್ಸಿ.

ಕಸದ ಲೆಕ್ಕಾಚಾರ:
ನಿಮ್ಮಲ್ಲಿ ಜನ ಜಾಸ್ತಿ ಬರೋ ದಿನದ್ದೇ ಇಟ್ಕೊಳ್ಳಿ, ಬುಧವಾರದ್ದು. ಸೋಮವಾರದ್ದು ಇಟ್ರೆ ಕಸಾನೇ ಇರಲ್ಲ, ನಾವು ಒಳ್ಳೇವ್ರು ಅನ್ಕೊಂಡು ಹೋಗ್ತಾರೆ. ಊಟದ ಹಸಿ ಕಸ ಮುಚ್ಚಳ ಇರೋ ಡ್ರಮ್ಮಲ್ಲಿ ಹಾಕ್ಸಿ, ಗುರುವಾರ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಇಲ್ಲಾಂದ್ರೆ ನಿಮ್ ಹೆಡ್ ಹೇಳಿದ ವಾಸ್ನೆ ನಿಜ ಆಗುತ್ತೆ. ಗ್ಲೋವ್ಸ್ ತೆಳ್ಳಗಿನ ಬಿಳೀದು ಬೇಡ, ಪಾತ್ರೆ ತೊಳೆಯೋ ರಬ್ಬರ್‌ದು ತನ್ನಿ, ತೊಳೆದು ಮುಂದಿನ ಸಲಕ್ಕೂ ಬರುತ್ತೆ. ನೇತಾಕೋ ತಕ್ಕಡಿ ನನ್ಹತ್ರ ಇದೆ, ಐವತ್ತು ಕೆಜಿವರ್ಗೂ ತೂಗುತ್ತೆ. ಎಲ್ಲಿಗೆ ತರ್ಲಿ ಅಂತ ಮೆಸೇಜ್ ಹಾಕಿ.

ಹುಬ್ಬಳ್ಳಿ ಮಂದಿ:
ಆ ಟೀ ಶರ್ಟ್ ಹೌಸ್‌ಕೀಪಿಂಗ್ ಮಂದಿಗೂ ಒಂದೊಂದು ಕೊಡ್ರಿ ಮತ್ತ. ಸೈಜ್ ಕೇಳಿ ಕೊಡ್ರಿ.